ಹಾಲುಕ್ಕುವ ಹೊತ್ತು

ಮನೆ ಮಾರಿ ರಿಜಿಸ್ಟ್ರಿಯಾಗಿದ್ದರೂ ಸರ್ವಮಂಗಳಮ್ಮ ಇನ್ನೂ ಅಲ್ಲೇ ಇದ್ದರು. ಹೋಗಬೇಕಿದ್ದ ಫ್ಲ್ಯಾಟಿನ ಕೆಲಸ ಮುಗಿದಿರಲಿಲ್ಲ. ಇನ್ನೊಂದು ತಿಂಗಳು ಇರುತ್ತೇವೆಂದು ಕೇಳಿಕೊಂಡಿದ್ದರು. ಮನೆ ಕೊಂಡ ಚಂದ್ರಿಕಾ ಒಲ್ಲದ ಮನಸ್ಸಿನಿಂದ ಒಪ್ಪಿದ್ದಳು. ಆದರೆ ಆಷಾಢ ಕಾಯುವುದಿಲ್ಲವಲ್ಲ. ಅದಕ್ಕೆ ಮೊದಲೇ ಗೃಹಪ್ರವೇಶ ಮುಗಿಸಬೇಕೆಂದು, ಅವರ ಅರ್ಧ ಕಟ್ಟಿದ ಗಂಟುಮೂಟೆಗಳ ನಡುವೆಯೇ ಒಲೆಯ ಮೇಲೆ ಹೊಸ ಪಾತ್ರೆಯಲ್ಲಿ ಹಾಲಿಟ್ಟಳು.

“ಹಾಲು ಉಕ್ಕಿ ಚೆಲ್ಲಬೇಕು. ಅಲ್ಲೀವರೆಗೂ ಯಾರೂ ಒಲೆ ಮುಟ್ಟಬೇಡಿ,” ಎಂದು ಹೇಳಿ ಪುರೋಹಿತರು ಮಂತ್ರ ಶುರುಮಾಡಿದರು.

ಸರ್ವಮಂಗಳಮ್ಮ ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು.

“ಬೇಜಾರು ಮಾಡ್ಕೋಬೇಡಿ ಆಂಟಿ,” ಎಂದಳು ಚಂದ್ರಿಕಾ ಮೆಲ್ಲಗೆ. “ಒಂದೇ ತಿಂಗಳು ತಾನೆ? ಆಮೇಲೆ ಬಿಡೋಕೆ ಮನಸ್ಸು ಬರ್ತಿಲ್ಲ ಅಂದ್ರೆ ನಮಗೆ ಕಷ್ಟ.”

“ಮನಸ್ಸು ಎಲ್ಲಿದೆಯಮ್ಮ? ಸೈನ್ ಹಾಕಿದ ದಿನಾನೇ ಬಿಟ್ಟಾಯ್ತು. ಮೂವತ್ತೊಂದು ವರ್ಷ ಈ ಅಡುಗೆಮನೇಲಿ ನಿಂತು ನಿಂತು ಸಾಕಾಗಿದೆ. ಈಗ ಇಲ್ಲಿರೋ ಯಾವುದೂ ನನ್ನದು ಅಂತ ಅನ್ನಿಸೋದೇ ಇಲ್ಲ.”

ಅಷ್ಟರಲ್ಲಿ ಹಾಲು ಉಬ್ಬಿ ಪಾತ್ರೆಯ ಅಂಚಿಗೆ ಬಂತು. ಸರ್ವಮಂಗಳಮ್ಮ ಆ ಕಡೆ ನೋಡದೆಯೇ ಕೈ ಚಾಚಿ ಗ್ಯಾಸ್ ಆರಿಸಿದರು.