ಗೋಡೆಗೆ ಮುಖ

ಟಿವಿಯೊಳಗಿನ ಪತ್ತೇದಾರಿ ಹುಡುಗಿ ಕೊಲೆಗಾರನ ಹೆಸರು ಹೇಳುವ ಮುನ್ನ ಗೋಡೆಗೆ ಮುಖ ಮಾಡಿ ನಿಂತಾಗ, ರಜನಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಜಪಾನಿ ಕಾರ್ಟೂನ್ ಶೈಲಿಯ ಈ ಅನಿಮೆ ಸರಣಿಯ ನಾಯಕನಿಗೆ ಎದುರಾಳಿಯಾದ ಈ ನಾಚಿಕೆಯ ಜಾಣೆಯನ್ನು ಬರೆದವಳು ಗೆಳತಿ ರಕ್ಷಾ. ಮೊದಲ ಕಂತು ನೋಡಲು ಬಣಕಲ್‌ನ ಅವಳ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು.

"ಮುಖ ನೋಡಿದ್ರೆ ನಂಗೆ ನಾಲಿಗೇನೇ ಏಳಲ್ಲ," ಎಂದಳು ಆ ಹುಡುಗಿ, ಗೋಡೆಗೆ. ಮನೆಗೆ ಮನೆಯೇ ಗೊಳ್ಳೆಂದು ನಕ್ಕಿತು.

ಹಿಂದೊಮ್ಮೆ ತೋಟದ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆ ಕದ್ದವರು ಯಾರೆಂದು ರಜನಿ ಕಂಡುಹಿಡಿದ ದಿನ, ಗೋಡೌನಿನ ಗೋಡೆಗೆ ಹಣೆ ಒತ್ತಿ ಇದೇ ಮಾತನ್ನು ರಕ್ಷಾಳೊಬ್ಬಳಿಗೇ ಹೇಳಿದ್ದಳು. ಅಂದು ರಕ್ಷಾ ನಕ್ಕಿರಲಿಲ್ಲ. ಬೆನ್ನು ಸವರಿ, "ಯಾರಿಗೂ ಹೇಳಲ್ಲ ಮಾರಾಯ್ತಿ," ಎಂದಿದ್ದಳು.

"ಹೆಂಗಿದ್ದಾಳೆ ರಜನಿ, ನನ್ನ ಹುಡುಗಿ?" ರಕ್ಷಾ ಈಗ ಕೇಳಿದಳು. ಎಲ್ಲರೂ ರಜನಿಯತ್ತ ನೋಡಿದರು. ಅದು ನಾನು ಎನ್ನಲೆಂದೇ ರಜನಿ ಲೋಟ ಕೆಳಗಿಟ್ಟಳು. ಆದರೆ ತುಂಬಿದ ಕಣ್ಣು ಯಾರಿಗೂ ಕಾಣಬಾರದೆಂದು ಅವಳು ಗೋಡೆಯತ್ತ ತಿರುಗಿಕೊಂಡಳು.

"ಅಯ್ಯೋ, ಥೇಟ್ ಅವಳ ಹಾಗೇ ಮಾಡ್ತಾಳಲ್ಲ ಇವ್ಳು!" ಎಂದು ರಕ್ಷಾಳ ಅತ್ತೆ ಚಪ್ಪಾಳೆ ತಟ್ಟಿದರು.

ರಕ್ಷಾಳೂ ತಟ್ಟಿದಳು.