ಹಿತ್ತಲ ಬಾಗಿಲು

ಮನೆ ಸೋರುತ್ತಿದೆ ಎಂದು ಕಂಪ್ಯೂಟರ್ ಮೂರನೆಯ ಸಲ ತಕರಾರು ತೆಗೆಯಿತು. ಶಹಾಬಾದಿನ ಸ್ಟೇಶನ್ ರಸ್ತೆಯಲ್ಲಿ, ಮೆಹತಾಬನ ಗೇಮ್ ಸೆಂಟರಿನಲ್ಲಿ ಕೂತಿದ್ದ ವಿಠ್ಠಲ್ ಬೆವರು ಒರೆಸಿಕೊಂಡ. ಸೋರುತ್ತಿದ್ದದ್ದು ಮಳೆನೀರಲ್ಲ. ಬಂದೂಕಿನ ಆಟವಾಡುವ ಜಾಗವಾಗಿ ಗೆಳೆಯ ಚೌಡೇಶ ತನ್ನ ಮನೆಯನ್ನೇ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡಿದ್ದ. ಫರಸಿ ಕಲ್ಲು ಹಾಸಿದ ಪಡಸಾಲೆ, ಹೊಗೆ ಹಿಡಿದ ಅಡುಗೆಮನೆ, ಗೂಟಕ್ಕೆ ನೇತುಹಾಕಿದ ಮೀನಿನ ಬಲೆ, ಎಲ್ಲವೂ ಅಳತೆಗೆ ಸರಿಯಾಗಿ. ಅದನ್ನು ಆಟದೊಳಗೆ ಓಡುವ ಫೈಲಾಗಿ ಇಳಿಸಬೇಕೆಂದರೆ ಸುತ್ತಲೂ ಮುಚ್ಚಿರಬೇಕು. ಒಂದು ಕಿಂಡಿ ತೆರೆದಿದ್ದರೂ ಯಂತ್ರ ಒಪ್ಪುವುದಿಲ್ಲ. ಎಲ್ಲಿ ತೆರೆದಿದೆ ಎಂದು ತೋರಿಸಲು ಪರದೆಯ ಮೇಲೆ ಕೆಂಪು ಗೆರೆಯೊಂದನ್ನು ಎಳೆಯುತ್ತದೆ. ಆ ಗೆರೆ ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲಿಂದ ಹೊರಬಿದ್ದು ಕಪ್ಪಿನಲ್ಲಿ ನಿಂತಿತ್ತು.

ಬಾಗಿಲಾಚೆ ಚೌಡೇಶ ಇನ್ನೂ ಏನನ್ನೂ ಕಟ್ಟಿರಲಿಲ್ಲ. ಅಲ್ಲಿ ಕಟ್ಟಬೇಕಾಗಿದ್ದದ್ದು ಮನೆಯ ಹಿಂದಿನ ಹಾಳುಬಿದ್ದ ಫರಸಿ ಖಣಿ. ಅದರ ನಿಂತ ನೀರಲ್ಲಿ ಅವನು ಮುಳುಗಿ ಸತ್ತು ಆವತ್ತಿಗೆ ಹದಿನೇಳು ದಿನ. ಆ ಹೊತ್ತು ತಾನು ಸೇಡಂ ಕಾಲೇಜಿನಲ್ಲಿದ್ದೆ ಎಂದು ವಿಠ್ಠಲ್ ಎಲ್ಲರಿಗೂ ಹೇಳಿದ್ದ. ಹೇಳುವಾಗಲೂ ಅವನ ಕಿವಿಯೊಳಗೆ ಖಣಿಯ ನೀರು ಗುಳುಗುಳು ಎನ್ನುತ್ತಿತ್ತು.

"ನಾಳಿ ಗಿರಾಕಿ ಬಂದು ಎಲ್ಲಾ ಕಂಪ್ಯೂಟರ್ ಒಯ್ತಾನ ಭೈ. ಇವತ್ತೇ ಮಶೀನ್ ಸಾಫ್ ಮಾಡ್ಬೇಕು," ಮೆಹತಾಬ್ ಗಲ್ಲಾದಿಂದಲೇ ಕೂಗಿದ. "ಯಂಕಮ್ಮಗ ಹೇಳಿ ಕಳಿಸೀನಿ. ಮಗನ ಧ್ವನಿ ಒಂದ್ಸಲ ಕೇಳ್ತೀನಂತ ಹಟಾ ಹಿಡದಾಳ."

ಚೌಡೇಶ ಗಂಟಲುಗಳ್ಳ. ಯಾರ ಧ್ವನಿಯನ್ನೂ ಅನುಕರಿಸದೆ ಬಿಟ್ಟವನಲ್ಲ. ಅವನು ವಾಡಿ ಜಂಕ್ಷನ್ನಿನ ಮೈಕಿನ ಹೆಂಗಸಿನಂತೆ ಗಾಡಿಯ ಹೆಸರು ಹೇಳಿದನೆಂದರೆ ಮಂದಿ ಚೀಲ ಎತ್ತಿಕೊಂಡು ನಿಂತುಬಿಡಬೇಕು. ಆ ಧ್ವನಿಗಳನ್ನೆಲ್ಲ ಇದೇ ಅಂಗಡಿಯ ಮೈಕಿನಲ್ಲಿ ಹಿಡಿದು ಮ್ಯಾಪಿನ ಮೂಲೆ ಮೂಲೆಗೆ ಅಡಗಿಸಿಟ್ಟಿದ್ದ. ಆಟದಲ್ಲಿ ಆ ಜಾಗಕ್ಕೆ ಕಾಲಿಟ್ಟರೆ ಸಾಕು, ಮಾತಾಡುತ್ತವೆ. ಈಗ ಅವನದೆಂದು ಉಳಿದದ್ದು ಅಷ್ಟೇ.

ವಿಠ್ಠಲನಿಗೆ ಎರಡು ದಾರಿಗಳಿದ್ದವು. ಬಾಗಿಲಾಚೆ ಖಣಿ ಕಟ್ಟಬೇಕು, ಇಲ್ಲವೇ ಬಾಗಿಲನ್ನೇ ಮುಚ್ಚಬೇಕು. ನೀರಿನ ಬಣ್ಣ ಹುಡುಕಲು ಹೋದ ಬೆರಳು ಹಿಂದೆ ಬಂತು. ಬಾಗಿಲಿದ್ದ ಜಾಗಕ್ಕೆ ಫರಸಿಯ ಗೋಡೆ ಎಬ್ಬಿಸಿದ. ಪಕ್ಕದಲ್ಲೊಂದು ಪುಟ್ಟ ಸ್ಪೀಕರಿನ ಗುರುತಿತ್ತು. ಬಾಗಿಲು ಕಿರ್ರೆನ್ನುವ ಸದ್ದಿರಬೇಕೆಂದು ಬಿಟ್ಟ. ಈ ಸಲ ಯಂತ್ರ ಸೊಲ್ಲೆತ್ತಲಿಲ್ಲ. ಇಪ್ಪತ್ತು ನಿಮಿಷಕ್ಕೆ ಫೈಲು ತಯಾರಾಯಿತು.

ನಾಲ್ಕು ಗಂಟೆಗೆ ಯಂಕಮ್ಮ ಬಂದಳು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

"ಬರ್ರಿ ಅಮ್ಮಾ, ಕುಂದ್ರಿ." ಮೆಹತಾಬ್ ಖುರ್ಚಿ ಒರೆಸಿ, ದೊಡ್ಡ ಸ್ಪೀಕರುಗಳೆರಡನ್ನು ತಂದು ಹಚ್ಚಿದ.

"ಇದ್ರಾಗ ಅದಾನೇನಪ್ಪಾ?"

"ಧ್ವ-ಧ್ವನಿ ಅಷ್ಟೇ ಕಾಕಿ," ಎಂದ ವಿಠ್ಠಲ್. ಮಾತಿನ ಮೊದಲ ಅಕ್ಷರ ಅವನಿಗೆ ಎಂದೂ ಒಂದೇ ಸಲಕ್ಕೆ ಒಲಿದದ್ದಿಲ್ಲ.

ವಿಠ್ಠಲ್ ಆಟ ಶುರುಮಾಡಿ ಪಡಸಾಲೆಗೆ ಹೋದೊಡನೆ ಹೆಣ್ಣುಧ್ವನಿ ನಯವಾಗಿ ಉಲಿಯಿತು: "ಪ್ರಯಾಣಿಕರ ಗಮನಕ್ಕೆ. ರೊಟ್ಟಿ ಎಕ್ಸ್‌ಪ್ರೆಸ್ ಎರಡು ತಾಸು ತಡವಾಗಿ ಅಡುಗೆಮನೆಯಿಂದ ಹೊರಡಲಿದೆ." ಮೆಹತಾಬ್ ನಕ್ಕು, ತಟ್ಟನೆ ಕಣ್ಣೊರೆಸಿಕೊಂಡ. ಅಡುಗೆಮನೆಯಲ್ಲಿ ಯಂಕಮ್ಮನೇ ಯಂಕಮ್ಮನಿಗೆ ಎದುರಾದಳು: "ಚೌಡ್ಯಾ, ರೊಟ್ಟಿ ಆರಾಕತ್ತಾವ! ಬಂದು ಉಣ್ಣಲೇ, ಹಾಟ್ಯಾ!"

ಯಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಹಿಂಗೇ ಒದರತೀನಪ್ಪಾ ನಾ. ಖರೇನ ಹಿಂಗೇ." ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಕಾಗಿಣಾ ದಂಡ್ಯಾಗ ಹುಟ್ಟಿದಾಂವ. ತುಂಬಿದ ಹೊಳಿ ದಾಟತಿದ್ದ. ಆ ಖಣ್ಯಾಗ ಹ್ಯಾಂಗ ಮುಳಗಿದ ವಿಠ್ಠಲಪ್ಪಾ? ಇದೊಂದು ತಿಳೀವಲ್ದು ನೋಡು."

ವಿಠ್ಠಲ್ ಕೀಬೋರ್ಡಿನ ಮೇಲಿಂದ ಕೈ ತೆಗೆದ. "ಮು-ಮುಗೀತು ಕಾಕಿ."

"ಹಿತ್ತಲಾ ಒಂದು ಉಳೀತಲ್ಲಪ್ಪಾ."

"ಅ-ಅಲ್ಲೇನಿಲ್ಲ."

"ತೋರಸೋ ಭೈ, ಅಮ್ಮ ಅಷ್ಟು ಕೇಳಾಕತ್ತಾರ," ಎನ್ನುತ್ತ ಮೆಹತಾಬ್ ತಾನೇ ಬಗ್ಗಿ ಗುಂಡಿ ಒತ್ತಿದ. ಅಡುಗೆಮನೆ ಹಿಂದೆ ಸರಿಯಿತು. ಪರದೆಯ ತುಂಬ ಫರಸಿಯ ಗೋಡೆ ಬಂದು ನಿಂತಿತು. ಅದರ ಆಚೆಯಿಂದ ಯಾರೋ ಕರೆದರು.

"ಚ-ಚೌಡ್ಯಾ, ಬಾರಲೇ! ನಿ-ನಿನ್ನಿ ಮುಳಗೇ ಬಿಟ್ಟಿದ್ದೆ, ನೀ ಎತ್ತಿದಿ ಅಂತ ಉಳದೆ. ಇವತ್ತರೆ ಪೂರಾ ಈಸಾಕ ಕಲಿಸಲೇ!"

ಮೆಹತಾಬ್ ಅಭ್ಯಾಸಬಲದಿಂದ ನಕ್ಕುಬಿಟ್ಟ. ತಿರುಗಿ ವಿಠ್ಠಲನ ಮುಖ ನೋಡಿದ. ನಗು ಅರ್ಧಕ್ಕೇ ನಿಂತಿತು. ವಿಠ್ಠಲನ ತುಟಿಗಳು ಬಿಗಿದುಕೊಂಡಿದ್ದವು. ಚೌಡೇಶ ಕದ್ದಿಟ್ಟ ಅವನದೇ ಧ್ವನಿ ಗೋಡೆಯಾಚೆ ನಿಂತು ಮತ್ತೆ ಕರೆಯಿತು. ಮತ್ತೆ ಕರೆಯಿತು. ಗುಂಡಿ ಒತ್ತಿ ಅಲ್ಲಿಂದ ಸರಿಸುವ ಎಚ್ಚರ ಯಾರಿಗೂ ಇರಲಿಲ್ಲ.

ಯಂಕಮ್ಮ ಎದ್ದಳು. ಪರದೆಯ ಮೇಲೆ ಬೆರಳಿಟ್ಟು, ಬಾಗಿಲಿದ್ದ ಜಾಗವನ್ನು ಮೇಲಿಂದ ಕೆಳಗೆ ಸವರಿದಳು.

"ಈ ಗ್ವಾಡಿ," ಎಂದಳು, "ಯಾವಾಗ ಕಟ್ಟಿದಿ ವಿಠ್ಠಲಪ್ಪಾ?"