ಒಂದೇ ಕಲ್ಲು

ಮನೆ ಎದ್ದು ನಿಂತಿತ್ತು, ಒಕ್ಕಲಾಗುವುದೊಂದೇ ಬಾಕಿ. ಆದರೆ ಗೋಡೆ ಪರೀಕ್ಷೆ ಮಾಡದೆ ತನ್ನ ಕೂಸನ್ನು ಒಳಗೆ ಮಲಗಿಸಲು ಅಂಬವ್ವ ಒಪ್ಪಲಿಲ್ಲ.

"ಗ್ವಾಡಿ ದಪ್ಪಕ್ಕ ಆರಪಾರ ಒಂದೇ ಕಲ್ಲು ಹಾಕು ಅಂದಿದ್ದೆ ಹುಸೇನಣ್ಣಾ. ಆ ಕಡಿಗೊಂದು ಈ ಕಡಿಗೊಂದು ತುಂಡು ಇಟ್ಟಿಲ್ಲ ಹೌದಿಲ್ಲೋ?"

ಗೌಂಡಿ ಹುಸೇನಿ ನಕ್ಕ. "ಬಿದ್ದ ನಿಮ್ಮ ಹಳೇ ಮನಿ ಉದ್ದ ಕಲ್ಲೇ ಹೆಕ್ಕಿ ತಂದು ಹಾಕೀನಿ ಅಕ್ಕಾ. ಹೆಣ್ಣು ನೋಡ್ಲಿಕ್ಕ ಬಂದೋರಂಗ ಗ್ವಾಡಿ ನೋಡ್ತೀರಲ್ರಿ!"

"ನಗಬ್ಯಾಡ. ಭೂಕಂಪದಾಗ ಆ ಮನಿ ಗ್ವಾಡಿ ಎರಡು ಸೀಳಾಗಿ ಬಿತ್ತು. ನನ್ನ ತಂಗಿ ಒಳಗ ಸಿಕ್ಕು ಸಂಜೀತನಕ ಕಲ್ಲು ತಟ್ಟಿದ್ಲು. ಎರಡು ಸಲ ತಟ್ಟಿ, ತಡದು, ಮತ್ತೊಂದು ಸಲ. ನಾವು ಕಲ್ಲು ಸರಿಸೋದ್ರಾಗ ಸಪ್ಪಳ ನಿಂತಿತ್ತು."

ಹುಸೇನಿಯ ನಗು ಇಳಿಯಿತು. "ಹಂಗಾದ್ರ ನಾ ಒಳಗ ಹೋಗಿ ಸುತ್ತಿಗೀಲೆ ತಟ್ತೀನಿ. ನೀವು ಇಲ್ಲಿ ಕಿವಿ ಇಡ್ರಿ. ಒಂದೇ ಕಲ್ಲಾದ್ರ ಸಪ್ಪಳ ಚಲೋ ಕೇಳ್ತದ."

ಅವನು ಮುಂಬಾಗಿಲ ಕಡೆ ಹೋದ. ಅಂಬವ್ವ ಹಿಂದಿನ ಗೋಡೆಯ ಕಲ್ಲಿಗೆ ಕಿವಿಯಿಟ್ಟಳು. ಬಿಸಿಲಲ್ಲೂ ಕಲ್ಲು ತಣ್ಣಗಿತ್ತು. ತುಸು ಹೊತ್ತಿಗೆ ಸಪ್ಪಳ ಬಂತು, ಕಿವಿಯ ಪಕ್ಕದಲ್ಲೇ ಕೂತು ತಟ್ಟಿದಷ್ಟು ಸ್ಪಷ್ಟವಾಗಿ. ಎರಡು ಸಲ. ತಡೆದು, ಮತ್ತೊಂದು.

"ಹಂಗ ತಟ್ಟಬ್ಯಾಡೋ ಅಣ್ಣಾ!" ಎಂದು ಚೀರಿದಳು.

ಮನೆಯ ಮೂಲೆಯಿಂದ ಹುಸೇನಿ ಇಣುಕಿದ. "ನಾ ಎಲ್ಲಿ ತಟ್ಟೀನ್ರಿ ಅಕ್ಕಾ? ಬಾಗಲಕ್ಕ ಕೀಲಿ ಅದ, ಕೀಲಿಕೈ ನಿಮ್ಮ ಸೆರಗಿನಾಗ ಅದ."